ಸಾವಿನ ಮನೆಯಲ್ಲಿ ರತ್ನಕ್ಕನ ಅಳು

ಗೆಳೆಯರೇ, ಇವತ್ತು ಗುಮ್ಮಘಟ್ಟದಲ್ಲಿ ರತ್ನಕ್ಕನ ತಾಯಿಯ ಮಣ್ಣಿಗೆ ಹೋಗಿದ್ದೆ. ನಮ್ಮ ಕಡೆಯ ಊರುಗಳ ನಾಟಕದಲ್ಲಿ ಗೋಳಿನ ಪಾತ್ರವೆಂದರೆ ರತ್ನಕ್ಕನೇ ಬರಬೇಕು, ಹಾರ್ಮೋನಿಯಂ ನನ್ನದು. ಹೆಣದ ಪಕ್ಕ ಆಕೆ ಕಣ್ಣಲ್ಲಿ ನೀರಿಲ್ಲದೆ ಸುಮ್ಮನೆ ಕೂತಿದ್ದಳು.

ಪಕ್ಕದ ಮನೆಯ ಮುದುಕಿಗೆ ಅದನ್ನು ಸಹಿಸಲಾಗಲಿಲ್ಲ. "ಸ್ಟೇಜ್ ಮ್ಯಾಲೆ ಅಷ್ಟು ಅಳ್ತಿ, ಹಡದಾಕಿಗೆ ಒಂದು ಹನಿ ಕಣ್ಣೀರಿಲ್ಲೇನವ್ವಾ?"

ರತ್ನಕ್ಕ ಎದೆ ಬಡಿದುಕೊಂಡು, ರಾಗ ತೆಗೆದು ಅತ್ತಳು. ನೆರೆದ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಯಾರೋ ಮೊಬೈಲ್ ಎತ್ತಿ ಹಿಡಿದರು.

ಆಮೇಲೆ ಆಕೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು: "ಸಾಕೇನ್ರಿ ಮಾಸ್ತರ?"

ನಾಟಕದಲ್ಲಿ ಆಕೆಯ ಅಳು ನಿಲ್ಲಿಸಲು ತಲೆಯಾಡಿಸಿ ಸನ್ನೆ ಮಾಡುವವನು ನಾನೇ. ಇವತ್ತೂ ತಲೆಯಾಡಿಸಿದೆ. ಊರಿನವರಿಗೆ ಸಮಾಧಾನವಾಗಿತ್ತು; ಹೆಣ ಎತ್ತಿದರು.