ಹೊಸ ಟಿ.ವಿ.ಗೆ ಕುಂಕುಮ ಹಚ್ಚಿದ್ದು

ಇದು ಎರಡು ವರ್ಷದ ಹಿಂದಿನ ಮಾತು. ನನ್ನ ಮಗಳು ಸಹನಾ ಆಗ ಎಸ್ಸೆಸ್ಸೆಲ್ಸಿಯಲ್ಲಿದ್ದಳು. ನಮ್ಮ ಮನೆ ಹರಿಹರದಲ್ಲಿ. ಯಜಮಾನರು ಗುತ್ತೂರಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸ ಮಾಡುತ್ತಾರೆ. ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವವಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಎರಡೂ ಊರಿನಲ್ಲಿ ಹೆಸರಿದೆ. ಅದು ಸುಳ್ಳೇನಲ್ಲ.

ಸಹನಾಳಿಗೆ ಹುಟ್ಟಿದಾಗಿನಿಂದ ಕಣ್ಣು ಮಂದ. ಕನ್ನಡಕ ಹಾಕಿದರೂ ಪುಸ್ತಕದ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಭೂತಗನ್ನಡಿ ಹಿಡಿದು, ಪುಟಕ್ಕೆ ಮೂಗು ತಾಗುವಷ್ಟು ಬಗ್ಗಿ ಓದುತ್ತಿದ್ದಳು. ಒಂದು ಪಾಠ ಮುಗಿಯುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ನಾನು ಮಾತ್ರ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಹೆಣ್ಣು ಮಗು, ನಾಳೆ ಮದುವೆಯ ಮಾತು ಬಂದಾಗ ಕಣ್ಣಿನ ವಿಷಯವೇ ಮುಂದೆ ಬರುತ್ತದೆ ಎಂಬ ಹೆದರಿಕೆ. ಯಾರಾದರೂ ಕೇಳಿದರೆ, "ಅವಳು ಪುಸ್ತಕದ ಹುಳ, ಅದಕ್ಕೇ ದಪ್ಪ ಕನ್ನಡಕ" ಎಂದು ತೇಲಿಸಿಬಿಡುತ್ತಿದ್ದೆ.

ಅವಳ ಕ್ಲಾಸ್ ಟೀಚರಿಗೆ ಮಾತ್ರ ಗೊತ್ತಿತ್ತು. ಅವರು ನನ್ನನ್ನು ಕರೆಸಿ ಎರಡು ಮಾತು ಹೇಳಿದರು. ಒಂದು, ಡಾಕ್ಟರ ಸರ್ಟಿಫಿಕೇಟ್ ಮಾಡಿಸಿದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಇನ್ನೊಂದು, ಮನೆಯಲ್ಲಿ ಈಗಿನ ಚಪ್ಪಟೆ ಟಿ.ವಿ. ಇದ್ದರೆ ಪಾಠದ ಪುಟವನ್ನು ಮೊಬೈಲಿನಿಂದ ಅದರ ಮೇಲೆ ದೊಡ್ಡದಾಗಿ ಮೂಡಿಸಿ ಓದಬಹುದು. ಸರ್ಟಿಫಿಕೇಟಿನ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿಗೆಲ್ಲ ಗೊತ್ತಾಗುತ್ತದಲ್ಲ! ಟಿ.ವಿ.ಯ ಮಾತು ಹಿಡಿಸಿತು. ನಮ್ಮ ಮನೆಯಲ್ಲಿದ್ದದ್ದು ಹಳೆಯ ಡಬ್ಬಾ ಟಿ.ವಿ. ದೀಪಾವಳಿಗೆ ಯಜಮಾನರಿಗೆ ಬೋನಸ್ ಬರುವುದಿತ್ತು.

ನಮ್ಮ ಓಣಿಯ ತುದಿಯಲ್ಲಿ ಇಸ್ಮಾಯಿಲ್ ಭಾಯ್ ಅವರ ಅಂಗಡಿ. ತಂದೆಯ ಕಾಲದಲ್ಲಿ ರೇಡಿಯೋ ರಿಪೇರಿ ಅಂಗಡಿಯಾಗಿತ್ತು. ಈಗ ಇವರು ಕಡಿಮೆ ಬೆಲೆಯ ಟಿ.ವಿ.ಗಳನ್ನು ಮಾರುತ್ತಾರೆ, ರಿಪೇರಿಯನ್ನೂ ಮಾಡುತ್ತಾರೆ. ಒಂದು ಸಂಜೆ ನಾನೂ ಯಜಮಾನರೂ ಅಲ್ಲಿಗೆ ಹೋದೆವು.

"ಬರ್ರಿ ಅಕ್ಕಾರೆ, ಕೂಡ್ರಿ. ಟಿ.ವಿ. ಯಾರು ನೋಡೋರು? ಎಲ್ಲಿ ಕುಂತು ನೋಡ್ತಾರೆ?" ಎಂದರು.

ಬೆಲೆ ಹೇಳುವ ಮೊದಲು ಎಲ್ಲರಿಗೂ ಅವರು ಹೀಗೇ ಕೇಳುತ್ತಾರಂತೆ. ನನಗೆ ಅದು ಗೊತ್ತಿರಲಿಲ್ಲ. ನನ್ನ ಮಗಳ ವಿಷಯವನ್ನೇ ಕೆದಕುತ್ತಿದ್ದಾರೆ ಅನ್ನಿಸಿ ಚುರ್ ಎಂದಿತು. "ಮನ್ಯಾಗಿನೋರು ನೋಡ್ತೀವಿ. ಓಣಿ ಮಂದಿನೆಲ್ಲ ಕರೆದು ತೋರ್ಸಾಕ ಯಾರಾರ ಟಿ.ವಿ. ತಗಂತಾರಾ?" ಎಂದೆ. ಯಜಮಾನರು ನೆಲ ನೋಡತೊಡಗಿದರು.

ಇಸ್ಮಾಯಿಲ್ ಭಾಯ್ ನಕ್ಕು, ನಲವತ್ತಮೂರು ಇಂಚಿನದೊಂದನ್ನು ಹಾಕಿ ತೋರಿಸಿದರು. ಪೆಟ್ಟಿಗೆಯ ಮೇಲಿನ ಹೆಸರು ನಾನು ಹುಟ್ಟಿದಾಗಿನಿಂದ ಕೇಳಿದ್ದಲ್ಲ.

"ಇದ್ಯಾವ ಕಂಪನಿ ಭಾಯ್? ನಮ್ಮ ಕಡೆ ಯಾರೂ ಹೆಸರೇ ಕೇಳಿಲ್ಲ."

"ಹೌದ್ರಿ. ಹೆಸರಿರೋ ಕಂಪನಿಯವೂ ಚಲೋನೇ ಇರ್ತಾವೆ, ನಾ ಇಲ್ಲ ಅನ್ನಲ್ಲ. ಆದ್ರೆ ಈ ರೇಟಿಗೆ ಅದ್ರಾಗೆ ಸಣ್ಣದು ಬರ್ತೈತೆ. ಇದು ಕೆಟ್ರೆ ನಾ ಇಲ್ಲೇ ಇದೀನಲ್ರಿ."

"ಪೆಟ್ಟಿಗೆ ಬಿಚ್ಚೋಕ ಮುಂಚೆನೇ ಕೆಡೋ ಮಾತು ಬಂತಲ್ಲ! ಬ್ಯಾಡ ಬಿಡ್ರಿ," ಎಂದು ಎದ್ದುಬಿಟ್ಟೆ.

ದಾರಿಯಲ್ಲಿ ಯಜಮಾನರು, "ಒಂದ್ಸಲ ಸಹನಾನ ಕರ್ಕಂಡ್ ಬಂದು ತೋರ್ಸಾಣ. ಓದೋಳು ಅವ್ಳು," ಎಂದರು. ನಾನು ಒಪ್ಪಲಿಲ್ಲ. ಅಂಗಡಿಯಲ್ಲಿ ನಾಲ್ಕು ಜನರ ಎದುರು ಅವಳು ಪರದೆಗೆ ಮುಖ ತಾಗಿಸಿ ನಿಲ್ಲುವುದು ನನಗೆ ಬೇಡವಾಗಿತ್ತು. ಅದನ್ನು ಬಾಯಿಬಿಟ್ಟು ಹೇಳದೆ, "ಮಕ್ಕಳಿಗೇನು ಗೊತ್ತಾಗ್ತೈತೆ" ಎಂದೆ.

ಮುಂದಿನ ಭಾನುವಾರ ದಾವಣಗೆರೆಯ ಒಂದು ದೊಡ್ಡ ಶೋರೂಮಿಗೆ ಹೋದೆವು. ಒಳಗೆ ಎ.ಸಿ.ಯ ತಂಪು. ಗೋಡೆ ತುಂಬ ಟಿ.ವಿ.ಗಳು, ಎಲ್ಲದರಲ್ಲೂ ಜಲಪಾತ, ಗಿಳಿ, ಕತ್ತರಿಸಿದ ಕಲ್ಲಂಗಡಿ. ನನ್ನ ತವರಿನಲ್ಲಿ ಇಪ್ಪತ್ತು ವರ್ಷ ಓಡಿದ ಟಿ.ವಿ.ಯ ಕಂಪನಿಯದೇ ಒಂದು ಕಂಡಿತು. ಮೂವತ್ತೆರಡು ಇಂಚು. ಹಳೆಯ ನೆಂಟರು ಸಿಕ್ಕಿದಷ್ಟು ಖುಷಿಯಾಗಿ ಅದನ್ನೇ ಕೊಂಡೆವು. ಮಂಡಕ್ಕಿ ಮೆಣಸಿನಕಾಯಿ ತಿಂದು, ದೊಡ್ಡ ಕೆಲಸ ಗೆದ್ದವರ ಹಾಗೆ ಊರಿಗೆ ಬಂದೆವು.

ಸಹನಾ ಮೊಬೈಲಿನಿಂದ ಪಾಠದ ಪುಟ ಹಾಕಿ, ಮೊಳದಷ್ಟು ದೂರ ಕೂತು ನೋಡಿದಳು. "ಕಾಣ್ತೈತೇನೆ?" ಎಂದು ಕೇಳಿದೆ. "ಕಾಣ್ತೈತಮ್ಮ, ಸಾಕು," ಎಂದಳು. ನನಗೆ ಅಷ್ಟೇ ಬೇಕಿತ್ತು.

ಮೂರನೆಯ ದಿನ ಅಮಾವಾಸ್ಯೆ, ಲಕ್ಷ್ಮೀ ಪೂಜೆ. ನಮ್ಮಲ್ಲಿ ಹೊಸ ವಸ್ತು ಏನು ಬಂದರೂ ನೀರು ಮುಟ್ಟಿಸಿ, ವಿಭೂತಿ ಕುಂಕುಮ ಹಚ್ಚಿ, ಹೂವು ಏರಿಸಿ ಪೂಜೆ ಮಾಡದೆ ಬಿಡುವುದಿಲ್ಲ. ಹೊಲಿಗೆ ಯಂತ್ರ, ಮಿಕ್ಸಿ, ಯಜಮಾನರ ಬೈಕು ಎಲ್ಲವೂ ಈ ಪೂಜೆ ಮಾಡಿಸಿಕೊಂಡಿವೆ. ದೇವರ ಫೋಟೋ ಒರೆಸುವ ಹಾಗೆಯೇ ಟಿ.ವಿ.ಯನ್ನೂ ನಾನು ಒದ್ದೆ ಬಟ್ಟೆಯಿಂದ ಮೇಲಿಂದ ಕೆಳಗೆ ಒರೆಸಿದೆ. ನೀರು ಚಿಮುಕಿಸಿದ್ದ ಚೆಂಡು ಹೂವಿನ ಮಾಲೆಯನ್ನು ಮೇಲೆ ಇಳಿಬಿಟ್ಟೆ. ಕೆಳಗಿನ ಅಂಚಿನಲ್ಲಿ ವಿಭೂತಿಯ ಮೂರು ಗೆರೆ ಎಳೆದು, ನಡುವೆ ಕುಂಕುಮ ಕಲಸಿ ಬೊಟ್ಟಿಟ್ಟೆ. ನಮ್ಮೊಂದಿಗೇ ಇರುವ ಅತ್ತೆ ಆರತಿ ಎತ್ತಿದರು. ಎಷ್ಟು ಲಕ್ಷಣವಾಗಿ ಕಾಣುತ್ತಿತ್ತೆಂದರೆ ಫೋಟೋ ತೆಗೆದು ತವರಿಗೆ ಕಳಿಸಿದೆ.

ಆರತಿ ಆರುವ ಹೊತ್ತಿಗೆ, ಹಾಕಿಯೇ ಇದ್ದ ಟಿ.ವಿ.ಯ ಪರದೆ ಒಮ್ಮೆ ಮಿಟುಕಿತು. ಆಮೇಲೆ ಉದ್ದುದ್ದ ಗೆರೆಗಳು ಮೂಡಿದವು. ಸ್ವಲ್ಪ ಹೊತ್ತಿಗೆ ಅರ್ಧ ಪರದೆ ಕಪ್ಪಾಯಿತು. ಅತ್ತೆ, "ಯಾರ್ದೋ ದೃಷ್ಟಿ ಆತು" ಎಂದರು. ನನಗೂ ಹಾಗೇ ಅನ್ನಿಸಿತು. ನೋಡಿದವರು ನಾವು ನಾಲ್ಕೇ ಜನ ಎಂಬುದು ಹೊಳೆಯಲಿಲ್ಲ.

ಕಂಪನಿಗೆ ಫೋನು ಮಾಡಿದೆ. ಒಂದು ವಾರದ ಮೇಲೆ ಮೆಕ್ಯಾನಿಕ್ ಬಂದರು. "ನೀರೇನಾದ್ರು ಬಿತ್ತಾ ಮೇಡಂ?" ಎಂದು ಕೇಳಿದರು. "ಇಲ್ವಲ್ಲ," ಎಂದೆ. ಅವರು ಕೆಳಗಿನ ಪಟ್ಟಿ ಬಿಚ್ಚಿ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳ ತುದಿ ಕೆಂಪಗಿತ್ತು, ಕುಂಕುಮ. ನೀರು ಹೋದರೆ ವಾರಂಟಿ ಇಲ್ಲ, ಪರದೆ ಬದಲಿಸುವ ಬೆಲೆಗೆ ಹೊಸ ಟಿ.ವಿ.ಯೇ ಬರುತ್ತದೆ ಎಂದು ಹೇಳಿ ಹೋದರು. ಅವರದೇನೂ ತಪ್ಪಿಲ್ಲ.

ಸಹನಾ ಮತ್ತೆ ಭೂತಗನ್ನಡಿ ಹಿಡಿದಳು. ಅದೇ ವಾರ ಶಾಲೆಯಲ್ಲಿ ಟೆಸ್ಟ್. ಮನೆಗೆ ಬಂದು, "ಉತ್ತರ ಬರ್ತಿತ್ತಮ್ಮ. ಪ್ರಶ್ನೆ ಓದಿ ಮುಗಿಸೋಷ್ಟರಾಗೆ ಬೆಲ್ ಆತು," ಎಂದಳು. ಅಳಲಿಲ್ಲ. ಕುತ್ತಿಗೆ ಉಜ್ಜಿಕೊಳ್ಳುತ್ತ ಹೇಳಿದಳು. ನಾನು ಅಡಿಗೆಮನೆಗೆ ಹೋಗಿ ಅತ್ತುಬಿಟ್ಟೆ. ಮಗು ಪಾಸಾಗದೆ ಉಳಿದರೆ ಅದಕ್ಕೆ ಕಾರಣ ಅವಳ ಕಣ್ಣಲ್ಲ, ನಾನು ಎಂಬುದು ಮನಸ್ಸಿಗೆ ನಾಟಿತು.

ಮಾರನೆಯ ದಿನ ಕೆಲಸಕ್ಕೆ ರಜೆ ಹಾಕಿ, ಟಿ.ವಿ.ಗೆ ಚಾದರ ಸುತ್ತಿ, ಆಟೋದಲ್ಲಿಟ್ಟುಕೊಂಡು ಇಸ್ಮಾಯಿಲ್ ಭಾಯ್ ಅಂಗಡಿಗೆ ಹೋದೆ. ಯಜಮಾನರಿಗೆ ಮಧ್ಯಾಹ್ನದ ಪಾಳಿ, ಒಬ್ಬಳೇ ಹೋಗಬೇಕಾಯಿತು. ಭಾಯ್ ಒಂದು ಚುಚ್ಚು ಮಾತಾಡಿದರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ.

"ಬರ್ರಿ ಅಕ್ಕಾರೆ. ಚಾ ತರ್ಸಲೇನ್ರಿ?" ಎಂದರು, ಅಷ್ಟೇ.

ಟಿ.ವಿ. ಬಿಚ್ಚಿದರು. ಒಳಗೆ ನೋಡಿ ಮೀಸೆಯಲ್ಲೇ ನಕ್ಕರು. "ಪೂಜೆ ಭಾಳ ಜೋರಾಗೈತಲ್ರಿ!"

ನಾನು ಸೆರಗಿನಿಂದ ಟಿ.ವಿ.ಯ ಅಂಚಿನ ಕುಂಕುಮ ಒರೆಸತೊಡಗಿದೆ.

"ಹೆದರಬ್ಯಾಡ್ರಿ. ಹಬ್ಬ ಆದ್ಮ್ಯಾಲೆ ಇದು ನಾಲ್ಕನೇದು ಬಂದಿರೋದು. ಉಳಿದ ಮೂರೂ ನಾ ಮಾರಿದ್ದೇ. ನೀರಿಗೆ ಕಂಪನಿ ಹೆಸರು ಓದಾಕ ಬರಲ್ರಿ."

ನಗು ಬಂತು. ಅದರ ಹಿಂದೆಯೇ ಅಳುವೂ ಬಂತು. ಒಳಗೆ ಒಣಗಿಸಿ, ಶುಚಿ ಮಾಡಿ, ಒಂದು ಸಾಮಾನು ತರಿಸಿ ಹಾಕಲು ಹತ್ತು ಹನ್ನೆರಡು ದಿನ ಬೇಕು ಎಂದರು. "ಅವಸರ ಐತೇನ್ರಿ?" ಎಂದು ಕೇಳಿದರು.

ಆಗ ಹೇಳಿದೆ. ಮಗಳ ಕಣ್ಣು, ಭೂತಗನ್ನಡಿ, ಓದಿ ಮುಗಿಯದ ಪ್ರಶ್ನೆ ಪತ್ರಿಕೆ, ಎಲ್ಲ. ಹದಿನೈದು ವರ್ಷ ಬಾಯಿಬಿಡದೆ ಕಾಪಾಡಿದ್ದನ್ನು ಚಾ ಆರುವಷ್ಟರಲ್ಲಿ ಹೇಳಿ ಮುಗಿಸಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮಗಳು ಎಷ್ಟೊತ್ತಿಗೆ ಬರ್ತಾಳೆ?" ಎಂದರು. ಶಾಲೆ ಬಿಡುವ ಹೊತ್ತಾಗಿತ್ತು. ಅವತ್ತು ನಾನು ಬೇಡವೆಂದಿದ್ದ ನಲವತ್ತಮೂರು ಇಂಚಿನ ಟಿ.ವಿ.ಯನ್ನೇ ಇಳಿಸಿ, ಷಟರ್ ಎಳೆದು, ನನ್ನೊಂದಿಗೆ ಮನೆಗೆ ಹೊರಟರು. "ದುಡ್ಡಿನ ಮಾತು ಪರೀಕ್ಷೆ ಮುಗದ್ ಮ್ಯಾಲೆ," ಎಂದು ನಾನು ಕೇಳುವ ಮೊದಲೇ ಹೇಳಿದರು.

ಮನೆಯಲ್ಲಿ ಅವರು ಮೊದಲಿಗೆ ಟಿ.ವಿ.ಯನ್ನು ಮುಟ್ಟಲೇ ಇಲ್ಲ. ಸಹನಾಳನ್ನು ಕರೆದು, "ಮೊದ್ಲು ನೀ ಕೂಡು ಮಗಳೇ. ಕುತ್ತಿಗೆಗೆ ಎಲ್ಲಿ ಹಗುರ ಅನಿಸ್ತೈತೆ ಅಲ್ಲಿ ಕೂಡು. ಟಿ.ವಿ. ಎಲ್ಲಿಡೋದು ಅಂತ ಆಮ್ಯಾಲೆ ನೋಡಾಣ," ಎಂದರು. ಅವಳು ಅಲ್ಲಿ ಇಲ್ಲಿ ಕೂತು, ಕೊನೆಗೆ ಕಿಟಕಿಗೆ ಬೆನ್ನು ಮಾಡಿ ಗೋಡೆಗೆ ಒರಗಿದಳು. ಅವಳ ಕಣ್ಣಿನ ಮಟ್ಟಕ್ಕೆ ಟಿ.ವಿ. ಇಟ್ಟು, ಪಾಠದ ಪುಟ ಹಾಕಿ ಕೇಳಿದರು, "ಹೆಂಗೆ ಕಾಣ್ತೈತೆ? ಸುಳ್ಳು ಹೇಳಬ್ಯಾಡ."

ಸಹನಾ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಬೆಳಕು ಚುಚ್ತೈತೆ ಅಂಕಲ್. ಬಿಳೀ ಪುಟದಾಗೆ ಅಕ್ಷರ ಕರಗಿ ಹೋಗ್ತಾವೆ. ಆ ಸಣ್ಣ ಟಿ.ವಿ.ಯಾಗೂ ಹಂಗೇ ಆಗ್ತಿತ್ತು. ಅದ್ರಾಗೆ ಅಕ್ಷರ ದೊಡ್ಡದು ಮಾಡಿದ್ರೆ ಅರ್ಧ ಸಾಲು ಹೊರಗೆ ಹೋಗ್ತಿತ್ತು," ಎಂದಳು.

"ಮತ್ತೆ ಸಾಕು ಅಂದ್ಯಲ್ಲೇ!" ಎಂದೆ.

"ನೀನು ಅಷ್ಟು ಖುಷಿಯಾಗಿದ್ದೆ. ಹೆಂಗೆ ಹೇಳ್ಲಮ್ಮ?"

ಇಸ್ಮಾಯಿಲ್ ಭಾಯ್ ನಮ್ಮಿಬ್ಬರ ಮಾತಿಗೆ ಬರಲಿಲ್ಲ. "ಅಂಗಡ್ಯಾಗ ಮಿಂಚ್ಲಿ ಅಂತ ಬೆಳಕು ಜಾಸ್ತಿ ಇಟ್ಟಿರ್ತಾರೆ," ಎನ್ನುತ್ತ ಅದನ್ನು ತಗ್ಗಿಸಿದರು. ಮೊಬೈಲಿನಲ್ಲಿ ಏನೋ ಒತ್ತಿದರು. ಪುಟ ಕಪ್ಪಾಗಿ ಅಕ್ಷರ ಬೆಳ್ಳಗಾದವು. ಶಾಲೆಯ ಕರಿಹಲಗೆಯ ಹಾಗೆ ಕಂಡಿತು. ಸಹನಾ ಬೆನ್ನು ನೇರ ಮಾಡಿದಳು. ಬಗ್ಗದೆ, ಕುತ್ತಿಗೆ ಚಾಚದೆ, ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಉಸಿರಿಗೆ ಓದಿದಳು. ಆಮೇಲೆ ಇನ್ನೊಂದು ಸಾಲು. ವಿಜ್ಞಾನದ ಪಾಠ, ನನಗೆ ಒಂದಕ್ಷರ ಅರ್ಥವಾಗಲಿಲ್ಲ. ನನ್ನ ಮಗಳು ನೆಟ್ಟಗೆ ಕೂತು ಓದಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಹೊಸ ಟಿ.ವಿ. ಎಂದು ಕುಂಕುಮದ ಭರಣಿಗೆ ಕೈ ಹಾಕಿದರು. ಇಸ್ಮಾಯಿಲ್ ಭಾಯ್ ಎರಡೂ ಕೈ ಅಡ್ಡ ಹಿಡಿದು, "ಅವ್ವಾರೆ, ಪೂಜೆ ಬೇಕಾರೆ ನನಗೆ ಮಾಡ್ರಿ, ಇದಕ್ಕೆ ಬ್ಯಾಡ್ರಿ!" ಎಂದರು. ಮನೆಯೆಲ್ಲ ನಕ್ಕಿತು.

ಮರುವಾರವೇ ಸರ್ಟಿಫಿಕೇಟಿಗೆ ಓಡಾಡಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಸಿಕ್ಕಿತು. ಚಿಕ್ಕ ಟಿ.ವಿ. ರಿಪೇರಿಯಾಗಿ ಬಂತು. ಒಂದು ಹಸಿರು ಗೆರೆ ಮಾತ್ರ ಉಳಿದಿದೆ, ಅತ್ತೆ ಅದರಲ್ಲೇ ಧಾರಾವಾಹಿ ನೋಡುತ್ತಾರೆ. ದೊಡ್ಡದನ್ನು ಪರೀಕ್ಷೆ ಮುಗಿದ ಮೇಲೆ ನಾವೇ ಕೊಂಡೆವು. ಅದೇನು ಅಪರಂಜಿಯಲ್ಲ. ಆರು ತಿಂಗಳಿಗೇ ರಿಮೋಟು ಕೈಕೊಟ್ಟಿತು, ಅದರ ದನಿಯೂ ಡಬ್ಬಿಯೊಳಗಿಂದ ಬಂದ ಹಾಗಿದೆ. ಯಾವ ಟಿ.ವಿ. ಒಳ್ಳೆಯದು ಎಂದು ಈಗಲೂ ನನ್ನನ್ನು ಕೇಳಿದರೆ ಗೊತ್ತಿಲ್ಲ ಎನ್ನುತ್ತೇನೆ.

ಫಲಿತಾಂಶದ ದಿನ ಸಹನಾ, "ನನ್ನ ಅಂಕ ನಾನೇ ಓದ್ಬೇಕು. ನೀವ್ಯಾರೂ ಮೊಬೈಲ್ ನೋಡಬ್ಯಾಡ್ರಿ," ಎಂದು ಹಟ ಹಿಡಿದಳು. ಅವತ್ತೇ ಮನೆಯಲ್ಲಿ ಕರೆಂಟಿಲ್ಲ. ಸೀದಾ ಇಸ್ಮಾಯಿಲ್ ಭಾಯ್ ಅಂಗಡಿಗೆ ಹೋದಳು, ಹಿಂದೆ ನಾನು. ಅಲ್ಲಿ ಇನ್ವರ್ಟರ್ ಇತ್ತು. ಅವರು ಬೀದಿಯ ಕಡೆಗಿದ್ದ ಎಲ್ಲಕ್ಕಿಂತ ದೊಡ್ಡ ಟಿ.ವಿ.ಯಲ್ಲಿ, ಕಪ್ಪು ಪರದೆಯ ಮೇಲೆ, ಗೇಣುದ್ದದ ಬಿಳಿ ಅಕ್ಷರಗಳಲ್ಲಿ ಅವಳ ಅಂಕಪಟ್ಟಿ ಹಾಕಿದರು. ಅವಳು ಒಂದೊಂದೇ ವಿಷಯ ಗಟ್ಟಿಯಾಗಿ ಓದುತ್ತ ಹೋದಳು. ಎಲ್ಲದರಲ್ಲೂ ಪಾಸು. ಪ್ರಥಮ ದರ್ಜೆ.

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡತೊಡಗಿದರು. ಮಲೆಬೆನ್ನೂರಿನ ಬಸ್ಸಿಗೆ ಹೊರಟಿದ್ದ ಯಾರೋ ಹೆಂಗಸು, ಸಂತೆ ಚೀಲ ಹಿಡಿದವರು, ನನ್ನ ಪಕ್ಕದಲ್ಲೇ ನಿಂತು ಕೇಳಿದರು, "ಯಾಕವ್ವ, ಇಷ್ಟು ದೊಡ್ಡ ಅಕ್ಷರದಾಗೆ ಹಾಕ್ಯಾರೆ?"

"ಆಕೆ ನನ್ನ ಮಗಳ್ರಿ," ಎಂದೆ. "ಕಣ್ಣು ಮಂದ ಐತೆ. ಅದಕ್ಕೇ."

ಆ ಹೆಂಗಸು ಪರದೆಯನ್ನೂ ಮಗಳನ್ನೂ ನೋಡಿ, "ಚಲೋ ಓದ್ತಾಳೆ," ಎಂದು ಹೇಳಿ ಬಸ್ಸಿಗೆ ಹೋದರು. ಹದಿನೈದು ವರ್ಷ ನಾನು ಹೆದರಿದ್ದು ಈ ಒಂದು ಮಾತು ಹೇಳುವುದಕ್ಕೆ! ಇಸ್ಮಾಯಿಲ್ ಭಾಯ್ ಅವರಿಗೆ ಏನಾದರೂ ಹೇಳಬೇಕೆಂದು ತಿರುಗಿದೆ. ಅವರು ಆಗಲೇ ಯಾರೋ ಗಿರಾಕಿಯನ್ನು ಕೂರಿಸಿಕೊಂಡಿದ್ದರು. ಆ ಧನ್ಯವಾದ ಇನ್ನೂ ನನ್ನೊಳಗೇ ಇದೆ. ಅದನ್ನು ಹೇಳಲೆಂದೇ ಇದನ್ನು ಬರೆದೆ.