ಫಿಲೋಮಿನಾ ಆಂಟಿಯ ಎರಡು ನೊವೇನಾ

ವರ್ಷದಲ್ಲಿ ಅರ್ಧ ಜರ್ಮನಿಯಲ್ಲಿ, ಅರ್ಧ ಆಸ್ಟ್ರೇಲಿಯಾದಲ್ಲಿ ಆಪೆರಾ ಹಾಡುವುದು ನನ್ನ ಕೆಲಸ. ನನ್ನದು ಬ್ಯಾರಿಟೋನ್, ಅಂದರೆ ತಗ್ಗಿದ ಗಂಡುದನಿ. ಆ ಸಲ ಸಿಡ್ನಿಯಲ್ಲಿ ಮುಖ್ಯ ಗಾಯಕನ ಗಂಟಲು ಕೆಟ್ಟರೆ ಮಾತ್ರ ನನ್ನ ಸರದಿ. ಅವನೋ ಗುಂಡುಕಲ್ಲಿನ ಹಾಗಿದ್ದ.

ಅಲ್ಲಿನ ರೌಸ್ ಹಿಲ್ ಬಡಾವಣೆಯಲ್ಲಿ ನಾನು ರೂಮು ಹಿಡಿದಿದ್ದ ಮನೆಯ ಫಿಲೋಮಿನಾ ಆಂಟಿ ಮಂಗಳೂರಿನವರು. ಕೊನೆಯ ಪ್ರದರ್ಶನಕ್ಕೆ ಟಿಕೆಟ್ ಬುಕ್ ಮಾಡಿದ ಮೇಲೆ ಅವರಿಗೆ ವಿಷಯ ತಿಳಿಯಿತು.

"ನೀನು ಹಾಡುವುದಿಲ್ಲವಾ? ಮತ್ತೆ ನಾನು ಯಾರನ್ನು ನೋಡಲಿಕ್ಕೆ ಬರುವುದು ಮಾರಾಯ?"

"ಅವನಿಗೆ ಶೀತ ಆಗಬೇಕು ಆಂಟಿ, ಆಗ ಹಾಡುತ್ತೇನೆ."

ತಮಾಷೆಗೆ ಅಂದದ್ದು. ಆಂಟಿ ಅಂದೇ ಮೇಣದಬತ್ತಿ ಹಚ್ಚಿ, ಒಂಬತ್ತು ದಿನದ ನೊವೇನಾ ಪ್ರಾರ್ಥನೆ ಶುರು ಮಾಡಿದರು. ನಾನೂ ತಡೆಯಲಿಲ್ಲ.

ಕೊನೆಯ ಪ್ರದರ್ಶನದ ಬೆಳಿಗ್ಗೆ ಫೋನ್ ಬಂತು: ಅವನಿಗೆ ಸ್ವರವೇ ಹೊರಡುತ್ತಿಲ್ಲ. ಮಧ್ಯಾಹ್ನ ನಾನು ಹಾಡಿದೆ, ಚೆನ್ನಾಗಿಯೇ ಹಾಡಿದೆ. ಆಂಟಿಯ ಸೀಟು ಮಾತ್ರ ಖಾಲಿ ಇತ್ತು.

ಸಂಜೆ ಮನೆಗೆ ಬಂದರೆ ಅವರು ಮೇಣದಬತ್ತಿಯ ಮುಂದೆ ಕೂತಿದ್ದರು.

"ಯಾಕೆ ಬರಲಿಲ್ಲ ಆಂಟಿ?"

"ಎಂತ ಬರುವುದು? ಅವನಿಗೂ ಒಬ್ಬಳು ತಾಯಿ ಇಲ್ಲವಾ? ಇಗರ್ಜಿಗೆ ಹೋಗಿ ಪಾಪನಿವೇದನೆ ಮಾಡಿ ಬಂದೆ. ಈಗ ಅವನು ಗುಣವಾಗಲಿ ಅಂತ ಇನ್ನೊಂದು ನೊವೇನಾ."

ಮುಂದಿನ ವಾರ ಅದೇ ಆಪೆರಾ ಮೆಲ್ಬರ್ನ್‌ಗೆ ಹೋಗುವುದಿತ್ತು. ನೊವೇನಾಕ್ಕೆ ಒಂಬತ್ತು ದಿನ ಬೇಕಲ್ಲ, ಅಲ್ಲಿನ ಮೊದಲ ಪ್ರದರ್ಶನ ನನ್ನದೇ ಎಂದುಕೊಂಡು ನೆಮ್ಮದಿಯಾಗಿ ಮಲಗಿದೆ.

ನನಗಾಗಿ ಮಾಡಿದ ಪ್ರಾರ್ಥನೆಗೆ ಒಂಬತ್ತು ದಿನವೂ ಹಿಡಿದಿತ್ತು. ಅವನದಕ್ಕೆ ಒಂದು ರಾತ್ರಿ ಸಾಕಾಯಿತು. ಮೆಲ್ಬರ್ನ್‌ನಲ್ಲಿ ಪೂರ್ತಿ ಅವನೇ ಹಾಡಿದ.