ಮೂರನೇ ಡಬ್ಬಿಯಲ್ಲಿ ಹೆಣ್ಣು ನೋಡಿದ್ದು

ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಪ್ರತಿ ಭಾನುವಾರ ಮಧ್ಯಾಹ್ನ ಮೂರೂವರೆಗೆ ಒಂದು ರೈಲು ಹೊರಡುತ್ತಿತ್ತು. ಕಾಗದಪತ್ರಗಳಲ್ಲಿ ಅದಕ್ಕೆ ಏನೋ ಒಂದು ನಂಬರಿತ್ತು. ಊರಿನವರ ಬಾಯಲ್ಲಿ ಅದು ಭಾನುವಾರದ ಸ್ಪೆಷಲ್. ಗದ್ದೆ, ನಾಲೆ, ಕಬ್ಬಿನ ತೋಟ ನೋಡಿಕೊಂಡು ಹೋಗಿ, ಬೃಂದಾವನದ ಕಾರಂಜಿಗೆ ದೀಪ ಹತ್ತುವುದನ್ನು ಕಣ್ತುಂಬ ನೋಡಿ, ಊಟದ ಹೊತ್ತಿಗೆ ಜನ ಮನೆ ಸೇರಲಿ ಎಂದು ಬಿಟ್ಟಿದ್ದ ಗಾಡಿ. ಆದರೆ ಅದರ ಮೂರನೇ ಡಬ್ಬಿಯಲ್ಲಿ ನಿಜವಾಗಿ ಏನು ನಡೆಯುತ್ತಿತ್ತು ಎಂಬುದು ಟಿಕೆಟ್ ಕಲೆಕ್ಟರ್ ನಂಜುಂಡಯ್ಯನವರಿಗೆ ಗೊತ್ತಿತ್ತು. ಅಲ್ಲಿ ಹೆಣ್ಣು ನೋಡುತ್ತಿದ್ದರು.

ಶುರುವಾದದ್ದು ಒಂದು ಸಣ್ಣ ಉಪಕಾರದಿಂದ. ನಲವತ್ತೆಂಟನೇ ಇಸವಿಯಲ್ಲಿ ಪರಿಚಯದವರೊಬ್ಬರು ಬಂದು, "ಮನೇಲಿ ಹೆಣ್ಣು ತೋರಿಸಿದ್ರೆ ಬೀದಿಗೆಲ್ಲ ಗೊತ್ತಾಗುತ್ತೆ ಕಣ್ರೀ. ಅವರು ಬೇಡ ಅಂದುಬಿಟ್ರೆ ನಾವು ತಲೆ ಎತ್ತಿಕೊಂಡು ಓಡಾಡೋದು ಹೇಗೆ?" ಎಂದು ಕೊರಗಿದ್ದರು. ನಂಜುಂಡಯ್ಯ ಒಂದು ಉಪಾಯ ಹೇಳಿದರು. ಎರಡೂ ಮನೆಯವರು ಭಾನುವಾರದ ಸ್ಪೆಷಲ್ ಹತ್ತುವುದು. ಎದುರುಬದುರು ಬೆಂಚು. ಒಪ್ಪಿಗೆಯಾದರೆ ಸರಿ, ಇಲ್ಲದಿದ್ದರೆ ಹುಡುಗಿ ಕಾರಂಜಿ ನೋಡಲು ಹೋಗಿದ್ದಳು ಅಷ್ಟೆ. ಕಾರಂಜಿ ನೋಡಿದ್ದಕ್ಕೆ ಯಾರ ಮಾನವೂ ಹೋಗುವುದಿಲ್ಲ.

ಆಮೇಲೆ ಅದೇ ಒಂದು ಪದ್ಧತಿಯಾಯಿತು. ನಂಜುಂಡಯ್ಯ ಮೂರು ಗಂಟೆಗೇ ಬಂದು, ಎದುರುಬದುರಿನ ಎರಡು ಬೆಂಚುಗಳ ಮೇಲೆ ಸೀಮೆಸುಣ್ಣದಲ್ಲಿ "ರೈಲ್ವೆ ಕೆಲಸಕ್ಕೆ" ಎಂದು ಬರೆಯುತ್ತಿದ್ದರು. ಇದನ್ನು ಸುಳ್ಳು ಎಂದು ಅವರು ಯಾವತ್ತೂ ಅಂದುಕೊಂಡವರಲ್ಲ. ಕೂರಿಸುವುದಕ್ಕೂ ಒಂದು ಲೆಕ್ಕಾಚಾರವಿತ್ತು. ಇಂಜಿನ್ನಿನ ಕಡೆ ಮುಖ ಮಾಡಿ ಕೂತವರ ಕಣ್ಣಿಗೆ ಇದ್ದಿಲ ಪುಡಿ ಬೀಳುತ್ತದೆ. ಆ ಕಿಟಕಿ ಹುಡುಗನ ತಾಯಿಗೆ. ಕಣ್ಣು ಉಜ್ಜಿಕೊಳ್ಳುವ ಕೆಲಸದಲ್ಲಿ ಆಕೆ ಪ್ರಶ್ನೆ ಕೇಳುವುದು ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು. ವಾಪಸ್ ಬರುವಾಗ ಇಂಜಿನ್ನನ್ನು ಆ ತುದಿಗೆ ಜೋಡಿಸುವುದರಿಂದ ಪುಡಿ ಹುಡುಗಿಯ ಕಣ್ಣಿಗೆ. ಆಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡರೂ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕಣ್ಣೊರೆಸಿಕೊಳ್ಳುವ ಪ್ರಸಂಗ ಬರುತ್ತಿದ್ದದ್ದು ಹೀಗೆ. ಗಂಡಿನವರಿಗೆ ಹುಡುಗಿ ಒಪ್ಪಿಗೆಯಾದರೆ ವಾಪಸ್ ಬರುವಾಗ ಮತ್ತೆ ಅದೇ ಬೆಂಚಿನಲ್ಲಿ ಬಂದು ಕೂರುವರು. ಒಪ್ಪಿಗೆಯಾಗದಿದ್ದರೆ ಸುಮ್ಮನೆ ಬೇರೆ ಡಬ್ಬಿ ಹತ್ತುವರು. ಆಯಿತು ಎನ್ನುವುದು, ಇಲ್ಲ ಎನ್ನುವುದು, ಜಾತಕ ಕೂಡಲಿಲ್ಲ ಎಂದು ಕಾಗದ ಬರೆಯುವುದು, ಯಾವ ರಗಳೆಯೂ ಇಲ್ಲ. ಹೆಣ್ಣಿನವರು ಮಾತ್ರ ಮೊದಲೇ ಬಂದು ಹಳೆಯ ಜಾಗದಲ್ಲೇ ಕೂತಿರುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ನಂಜುಂಡಯ್ಯನವರ ಬೆಂಚಿನಿಂದ ನಲವತ್ತೊಂದು ಮದುವೆಗಳಾಗಿದ್ದವು. ಮೂವತ್ತೆಂಟರಲ್ಲಿ ಅವರು ಊಟ ಮಾಡಿದ್ದರು. ಉಳಿದ ಮೂರು ಮನೆಯವರು ಕರೆಯುವುದನ್ನು ಮರೆತದ್ದು ಅವರಿಗೆ ಮರೆತಿರಲಿಲ್ಲ.

ಇಷ್ಟೆಲ್ಲ ಇದ್ದೂ ಅವರ ಸ್ವಂತ ಮಗಳು ಭಾನುಮತಿಗೆ ಇಪ್ಪತ್ತಾರು ತುಂಬಿತ್ತು. ನಜರ್‌ಬಾದಿನ ಮನೆಯ ಹತ್ತಿರದ ಒಂದು ಪ್ರೈಮರಿ ಶಾಲೆಯಲ್ಲಿ ಅವಳು ಮೇಡಂ. ಅವಳನ್ನು ಮನೆಯಲ್ಲೇ ಏಳು ಸಲ ತೋರಿಸಿದ್ದಾಗಿತ್ತು. ತಾಯಿ ಸುಮಿತ್ರಮ್ಮ ತುಪ್ಪದಲ್ಲಿ ಗೋಡಂಬಿ ಹುರಿದರೆ ಸಾಕು, ಇವತ್ತು ಗಂಡಿನವರು ಬರುತ್ತಾರೆ ಎಂದು ಬೀದಿಗೆ ಬೀದಿಯೇ ತಿಳಿದುಕೊಳ್ಳುತ್ತಿತ್ತು. ಆ ಮನೆಯವರು ಕೇಸರಿಬಾತು ತಿನ್ನುವುದನ್ನೇ ಬಿಟ್ಟಿದ್ದರು.

"ಊರಿನ ಹುಡುಗೀರನ್ನೆಲ್ಲ ರೈಲು ಹತ್ತಿಸಿದ್ರಿ. ನಿಮ್ಮ ಮಗಳಿಗೆ ಜಾಗ ಇಲ್ವೇನ್ರೀ?" ಎಂದು ಸುಮಿತ್ರಮ್ಮ ವರ್ಷಕ್ಕೆರಡು ಸಲವಾದರೂ ಕೇಳುತ್ತಿದ್ದರು.

"ಅಧಿಕಾರ ದುರುಪಯೋಗ ಆಗುತ್ತೆ," ಎನ್ನುತ್ತಿದ್ದರು ನಂಜುಂಡಯ್ಯ. ಅದು ನೆಪ. ಬೇರೆಯವರ ಮಕ್ಕಳನ್ನು ಬೇಡವೆಂದು ಬೇರೆ ಡಬ್ಬಿ ಹತ್ತಿದವರ ಹತ್ತಿರ ಹೋಗಿ ಟಿಕೆಟ್ ಕೇಳಿ ಅವರಿಗೆ ಅಭ್ಯಾಸವಾಗಿತ್ತು. ತಮ್ಮ ಮಗಳನ್ನು ಬೇಡವೆಂದವರ ಟಿಕೆಟ್ಟನ್ನು ಯೂನಿಫಾರಂ ಹಾಕಿಕೊಂಡು ನೋಡುವ ಧೈರ್ಯ ಅವರಿಗಿರಲಿಲ್ಲ.

ಅರವತ್ತೆರಡನೇ ಇಸವಿಯ ಫೆಬ್ರವರಿಯಲ್ಲಿ ಸ್ಟೇಷನ್ನಿನ ಗೋಡೆಗೆ ಒಂದು ನೋಟೀಸು ಅಂಟಿತು. ಜನ ಕಡಿಮೆಯಾದ ಕಾರಣ ಸ್ಪೆಷಲ್ ಗಾಡಿ ಇನ್ನು ನಾಲ್ಕು ಭಾನುವಾರ ಮಾತ್ರ. ಜನ ಕಡಿಮೆಯಾದದ್ದು ನಿಜವೇ. ಬಸ್ಸು ತೋಟದ ಬಾಗಿಲಿಗೇ ಕೊಂಡೊಯ್ದು ಇಳಿಸುವಾಗ, ರೈಲಿನಲ್ಲಿ ಹೋಗಿ ಅಲ್ಲಿಂದ ಜಟಕಾ ಹಿಡಿಯುವ ಕರ್ಮ ಯಾರಿಗೆ ಬೇಕು? ನಂಜುಂಡಯ್ಯ ನೋಟೀಸನ್ನು ಎರಡು ಸಲ ಓದಿ ಮನೆಗೆ ಬಂದು, "ನಾಲ್ಕು ಭಾನುವಾರ ಇದೆ. ಭಾನೂಗೆ ಸೀರೆ ತೆಗೆದಿಡು," ಎಂದು ಹೆಂಡತಿಗೆ ಹೇಳಿದರು. ಭಾನುವನ್ನು ಕೇಳಲಿಲ್ಲ. ಅವಳು ಒಳಗೆ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿದ್ದಳು.

ಮೊದಲನೆಯ ಭಾನುವಾರ ತುಮಕೂರಿನ ಕಡೆಯ ಲೆಕ್ಚರರ್ ಬಂದ. ವಾಪಸ್ ಬರುವಾಗ ಆ ಮನೆಯವರು ಐದನೇ ಡಬ್ಬಿಯಲ್ಲಿದ್ದರು. ನಂಜುಂಡಯ್ಯ ಹೋಗಿ ಟಿಕೆಟ್ ಕೇಳಿದರು. ಅವರು ಬಹಳ ಮರ್ಯಾದೆಯಿಂದ ಕೊಟ್ಟರು. ಎರಡನೆಯ ಭಾನುವಾರದವರು ಇನ್ನೂ ಒಂದು ಕೈ ಮೇಲು, ವಾಪಸ್ ಟಿಕೆಟ್ ಇದ್ದೂ ಬಸ್ಸು ಹತ್ತಿ ಹೋಗಿಬಿಟ್ಟರು. ಮಗಳನ್ನು ಬೇಡವೆಂದದ್ದು ಹೆಚ್ಚು ನೋವೋ, ರೈಲನ್ನು ಬೇಡವೆಂದದ್ದು ಹೆಚ್ಚು ನೋವೋ ಎಂದು ನಂಜುಂಡಯ್ಯನವರಿಗೆ ಆ ರಾತ್ರಿ ಬಗೆಹರಿಯಲಿಲ್ಲ. ಮೂರನೆಯ ಭಾನುವಾರದವರು ಬರಲೇ ಇಲ್ಲ. ಭಾನುಮತಿ ಖಾಲಿ ಬೆಂಚಿನ ಎದುರು ಕೂತು ಒಂದು ಪೊಟ್ಟಣ ಕಡಲೆಕಾಯಿ ಪೂರ್ತಿ ತಿಂದಳು. ಮೂರು ವಾರದಲ್ಲಿ ಅವಳ ಮುಖ ಗೆಲುವಾಗಿದ್ದದ್ದು ಅವತ್ತೇ. ಎದುರಿಗೆ ಯಾರೂ ಇಲ್ಲವಲ್ಲ ಎಂದು ಅಪ್ಪನಿಗೆ ಹೊಟ್ಟೆ ಉರಿಯುತ್ತಿದ್ದುದರಿಂದ ಅದನ್ನು ಅವರು ಗಮನಿಸಲಿಲ್ಲ.

ನಾಲ್ಕನೆಯ ಭಾನುವಾರ ಸ್ಟೇಷನ್ನಿಗೆ ಊರೇ ಬಂತು. ಹದಿನಾಲ್ಕು ವರ್ಷ ಆ ರೈಲನ್ನು ತಿರುಗಿಯೂ ನೋಡದವರೆಲ್ಲ ಅದರ ಮೇಲೆ ಮಮತೆ ಉಕ್ಕಿ ಬಂದಿದ್ದರು. ಇಂಜಿನ್ನಿಗೆ ಬಾಳೆಕಂಬ ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಈಡುಗಾಯಿ ಒಡೆದರು. ಆ ನೂಕುನುಗ್ಗಲಲ್ಲಿ ನಂಜುಂಡಯ್ಯ ಬೆಂಚನ್ನು ಮೈಯೊಡ್ಡಿ ಕಾದರು. ಹುಡುಗ ಸುಂದರೇಶ, ವಿದ್ಯುತ್ ಇಲಾಖೆಯಲ್ಲಿ ಗುಮಾಸ್ತ, ಮೂವತ್ತೊಂದು ವರ್ಷ. ಜೊತೆಗೆ ತಾಯಿ. ಆಕೆಯನ್ನು ಇಂಜಿನ್ನಿನ ಕಡೆಯ ಕಿಟಕಿಗೇ ಕೂರಿಸಿದ್ದಾಯಿತು. ಆದರೆ ಆಕೆ ಒಂದು ಕಣ್ಣು ಉಜ್ಜುತ್ತ ಇನ್ನೊಂದರಲ್ಲಿ ನೋಡುತ್ತ ಪ್ರಶ್ನೆ ಕೇಳುವುದನ್ನು ಬಲ್ಲವರಾಗಿದ್ದರು.

"ಮದುವೆ ಆದ್ಮೇಲೆ ಸ್ಕೂಲು ಗೀಲು ಅಂತ ಹೋಗೋ ಹಾಗಿಲ್ಲಮ್ಮ. ಅಲ್ವೇನೋ ಸುಂದ್ರು?"

"ಅಮ್ಮ ಹೇಳಿದ ಹಾಗೆ," ಎಂದ ಸುಂದರೇಶ.

"ನಂಗೆ ಕೈಲಾಗಲ್ಲ. ಅಡಿಗೆ ಮನೆ ಪೂರ್ತಿ ನಿಂದೇ."

"ಅಮ್ಮ ಹೇಳಿದ ಹಾಗೆ."

ಭಾನುಮತಿ ಅವನನ್ನೇ ನೇರವಾಗಿ ಕೇಳಿದಳು, "ನಿಮಗೇನಿಷ್ಟ?"

ಸುಂದರೇಶ ತಾಯಿಯ ಮುಖ ನೋಡಿದ. ಎಂಥ ವಿಧೇಯ ಹುಡುಗ ಎಂದು ನಂಜುಂಡಯ್ಯನವರಿಗೆ ಸಂತೋಷವಾಯಿತು.

ಕೃಷ್ಣರಾಜಸಾಗರದಲ್ಲಿ ಎಲ್ಲರೂ ಇಳಿದು ತೋಟಕ್ಕೆ ಹೋದರು. ನಂಜುಂಡಯ್ಯ ಗಾಡಿಯ ಹತ್ತಿರವೇ ಉಳಿದರು. ಅವರು ಕಾರಂಜಿ ನೋಡಿದ್ದು ಹದಿನಾಲ್ಕು ವರ್ಷದಲ್ಲಿ ಒಂದೇ ಸಲ, ಅದೂ ದೀಪ ಕೆಟ್ಟಿದ್ದ ದಿನ. ಗಾರ್ಡ್ ಚಿಕ್ಕಯ್ಯ ಬಂದು ಪಕ್ಕದಲ್ಲಿ ನಿಂತ. ಹಳ್ಳಿಯ ಒಕ್ಕಲು ಮನೆಯವನು, ಮೊದಲ ದಿನದಿಂದಲೂ ಇದೇ ಗಾಡಿ.

"ಏನ್ ಸ್ವಾಮಿ, ಈ ಸಲ ಎಂಗೆ?"

"ನೋಡ್ಬೇಕು ಚಿಕ್ಕಯ್ಯ."

"ಆಯ್ತದೆ ಬುಡಿ ಸ್ವಾಮಿ. ಊರೋರ್ಗೆಲ್ಲ ಮಾಡಿದ್ದೀರಿ, ನಿಮಗಾಗಾಕಿಲ್ವಾ?"

ಏಳೂಕಾಲಿಗೆ ಜನ ತಿರುಗಿ ಬರತೊಡಗಿದರು. ನಂಜುಂಡಯ್ಯ ಮೂರನೇ ಡಬ್ಬಿಯ ಬಾಗಿಲಲ್ಲಿ ನಿಂತು, ಯಾರನ್ನೂ ಹುಡುಕದವರ ಹಾಗೆ ಎಲ್ಲರ ಮುಖವನ್ನೂ ನೋಡುತ್ತಿದ್ದರು. ಸುಂದರೇಶನ ತಾಯಿ ಬಂದರು. ಐದನೇ ಡಬ್ಬಿಯ ಕಡೆ ತಿರುಗಲಿಲ್ಲ. ಮೂರನೇ ಡಬ್ಬಿಯ ಮೆಟ್ಟಿಲು ಹತ್ತಿದರು, ಮಗನನ್ನು ಹತ್ತಿಸಿಕೊಂಡರು, ಅದೇ ಬೆಂಚಿನಲ್ಲಿ ಕೂತರು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು. ಹುಡುಗಿಗೆ ಮುಡಿಸುವುದಕ್ಕೆ, ಮತ್ತೆ ಯಾತಕ್ಕೆ? ನಂಜುಂಡಯ್ಯನವರ ಕಣ್ಣು ಮಂಜಾಯಿತು. ಇಂಜಿನ್ನು ಇನ್ನೂ ಹೊರಟಿರಲಿಲ್ಲ, ಇದ್ದಿಲ ಪುಡಿಯ ಮೇಲೆ ಹಾಕುವ ಹಾಗೂ ಇರಲಿಲ್ಲ. ಅವರು ಬೇರೆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು.

ಮೊದಲೇ ಬಂದು ಕೂರಬೇಕಾಗಿದ್ದ ಸುಮಿತ್ರಮ್ಮ, ಭಾನುಮತಿ ಅವತ್ತಿನ ನೂಕುನುಗ್ಗಲಲ್ಲಿ ತಡವಾಗಿ ಹಿಂದೆಯೇ ಬಂದರು. ಸುಮಿತ್ರಮ್ಮ ಬೆಂಚನ್ನು ನೋಡಿದ್ದೇ ಎರಡು ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಹತ್ತಿ ಹೋಗಿ ಕೂತರು. ಭಾನುಮತಿ ಪ್ಲಾಟ್‌ಫಾರಮ್ಮಿನಲ್ಲೇ ಕಿಟಕಿಯ ಹತ್ತಿರ ನಿಂತಳು. ಸುಂದರೇಶನ ತಾಯಿಗೆ ಕೈಮುಗಿದಳು, ಸುಂದರೇಶನಿಗೂ ಮುಗಿದಳು. ಆಮೇಲೆ ನಾಲ್ಕನೇ ಡಬ್ಬಿಯನ್ನು ದಾಟಿ, ಐದನೇ ಡಬ್ಬಿಯನ್ನು ಹತ್ತಿದಳು.

ನಂಜುಂಡಯ್ಯನವರಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹುಡುಗಿಗೆ ಡಬ್ಬಿ ತಪ್ಪಿತೆಂದೇ ಮೊದಲು ಅಂದುಕೊಂಡರು. ಡಬ್ಬಿ ಬದಲಾಯಿಸುವವರು ಗಂಡಿನವರು. ಹೆಣ್ಣು ಬದಲಾಯಿಸಿದರೆ ಏನೆಂದು ತಿಳಿಯಬೇಕು ಎಂಬುದಕ್ಕೆ ಅವರ ಪದ್ಧತಿಯಲ್ಲಿ ಜಾಗವೇ ಇರಲಿಲ್ಲ.

ಚಿಕ್ಕಯ್ಯ ಹಸಿರು ದೀಪ ಹಿಡಿದು ಓಡಿ ಬಂದ. "ಸ್ವಾಮಿ, ನಿಮ್ ಎಣ್ಮಗ ಬೇರೆ ಡಬ್ಬಿ ಅತ್ಬುಡ್ತು. ಕರ್ಕೊಂಡ್ ಬರ್ಲಾ? ಒಂದೈದ್ ನಿಮಿಷ ಗಾಡಿ ನಿಲ್ಲಿಸ್ತೀನಿ. ಕಡೇ ದಿನ, ಯಾರ್ ಕೇಳ್ತಾರೆ?"

ಕಿಟಕಿಯೊಳಗಿಂದ ಸುಮಿತ್ರಮ್ಮ ಕಣ್ಣಲ್ಲೇ ಗಂಡನನ್ನು ಅಟ್ಟುತ್ತಿದ್ದರು. ನಂಜುಂಡಯ್ಯ ಕರೆದಿದ್ದರೆ ಭಾನುಮತಿ ಬಂದುಬಿಡುತ್ತಿದ್ದಳು. ಅಪ್ಪನ ಮಾತು ಮೀರಿದವಳಲ್ಲ. ಬಂದು, ಕೂತು, ತಲೆ ಬಗ್ಗಿಸಿ ಮಲ್ಲಿಗೆ ಮುಡಿಸಿಕೊಳ್ಳುತ್ತಿದ್ದಳು. ಇನ್ನೊಂದು ಭಾನುವಾರ ಇಲ್ಲ ಎಂಬುದೂ ಅವರಿಗೆ ಗೊತ್ತಿತ್ತು.

"ಬೇಡ. ಬಿಡು ಗಾಡಿ," ಎಂದರು.

ಗಾಡಿ ಹೊರಟಿತು. ಮೂರನೇ ಡಬ್ಬಿಯಲ್ಲಿ ಸುಂದರೇಶನ ತಾಯಿ ಹೂವಿನ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು, "ಏನ್ರೀ ಇದು? ಜಾಗ ಇಲ್ಲೇ ಇದೆಯಲ್ಲ!" ಎಂದರು.

"ಜಾಗ ಇದೆ," ಎಂದರು ನಂಜುಂಡಯ್ಯ. "ಅವಳು ಬೇರೆ ಡಬ್ಬೀಲಿ ಕೂತಿದ್ದಾಳೆ. ಟಿಕೆಟ್ ಕೊಡಿ." ನೋಡಿ, ವಾಪಸ್ ಕೊಟ್ಟು, ಮುಂದೆ ಹೋದರು. ಸುಮಿತ್ರಮ್ಮನವರಿಗೆ ಮಾತ್ರ ಏಳುವುದಕ್ಕೂ ಆಗದೆ, ಕೂರುವುದಕ್ಕೂ ಆಗದೆ, ಮೈಸೂರು ಬರುವವರೆಗೂ ಕಾರಂಜಿಯ ಬಣ್ಣಗಳ ವಿಷಯ ಮಾತಾಡುವ ಶಿಕ್ಷೆಯಾಯಿತು.

ಡಬ್ಬಿಯಿಂದ ಡಬ್ಬಿಗೆ ಒಳಗೇ ದಾರಿ ಇರಲಿಲ್ಲ. ನಂಜುಂಡಯ್ಯ ದಾರಿಯ ಬೆಳಗೊಳ ಸ್ಟೇಷನ್ನಿನಲ್ಲಿ ಇಳಿದು ಐದನೇ ಡಬ್ಬಿಗೆ ಹತ್ತಿದರು. ಭಾನುಮತಿ ಯಾವುದೋ ದೊಡ್ಡ ಸಂಸಾರದ ನಡುವೆ ಒತ್ತಿಕೊಂಡು ಕೂತಿದ್ದಳು. ಅಪ್ಪನನ್ನು ಕಂಡು ಎಲ್ಲರ ಹಾಗೆ ಟಿಕೆಟ್ ಮುಂದೆ ಹಿಡಿದಳು. ಅವರು ಆ ಟಿಕೆಟ್ಟನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಆ ಸಂಸಾರದವರು ಸರಿದು ಜಾಗ ಮಾಡಿಕೊಟ್ಟಾಗ, ಡ್ಯೂಟಿಯ ಮೇಲಿದ್ದೂ ಕೂತರು.

"ಬೈತೀರಾ ಅಣ್ಣ?" ಎಂದಳು ಭಾನುಮತಿ. ಅಪ್ಪನನ್ನು ಅಣ್ಣ ಎನ್ನುವುದು ಆ ಮನೆಯ ರೂಢಿ.

"ಇಲ್ಲ ಕಣಮ್ಮ."

"ನಲವತ್ತೊಂದು ಮದುವೆ ಮಾಡ್ಸಿದೀನಿ ಅಂತೀರಲ್ಲ. ಆ ಹುಡುಗೀರನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ, ನಿನಗೆ ಒಪ್ಪಿಗೇನಾ ಅಂತ?"

ನಂಜುಂಡಯ್ಯ ನಲವತ್ತೊಂದು ಮುಖಗಳನ್ನೂ ನೆನಪಿಸಿಕೊಳ್ಳಲು ನೋಡಿದರು. ಗಂಡುಗಳ ಹೆಸರು, ಕೆಲಸ, ಸಂಬಳ ಎಲ್ಲ ನೆನಪಿಗೆ ಬಂದವು. ಹುಡುಗಿಯರದು ಒಂದು ಮುಖವೂ ಸರಿಯಾಗಿ ಬರಲಿಲ್ಲ.

"ಇಲ್ಲ," ಎಂದರು. "ನಿನ್ನನ್ನೂ ಕೇಳ್ಲಿಲ್ಲ."